ಎರಡು ಬೆರಳಿಗೆ ಸಿಕ್ಕಷ್ಟು ಬ್ಲೂಸ್

ಬಿಸಿ ವ್ಯಾಕ್ಸ್ ನನ್ನ ಎಡಗೈ ಕಿರುಬೆರಳ ಮೇಲೆ ಸುರಿದದ್ದನ್ನು ಮೊದಲು ನೋಡಿದ್ದು ನಾನಲ್ಲ, ನನ್ನ ಗಿರಾಕಿ. ಚಾಮರಾಜನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೆ. ಅವತ್ತು ಕಾಲೇಜಿನ ಮೇಡಂ ಒಬ್ಬರು ಕೂದಲು ತೆಗೆಸಲು ಕೈ ಚಾಚಿಕೊಂಡು ಕುಳಿತಿದ್ದರು. ನಾನು ವ್ಯಾಕ್ಸಿನ ಡಬ್ಬಿ ಎತ್ತಿಕೊಂಡು ಅವರ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳುತ್ತಿದ್ದೆ.

"ಶೋಭಾ, ಕೈ! ನಿಮ್ಮ ಕೈ!" ಎಂದು ಅವರು ಕಿರುಚಿದರು.

ನಾನು ಅವರ ಕೈಗೆ ಏನಾಯಿತೋ ಎಂದು ಗಾಬರಿಯಿಂದ ಅದನ್ನೇ ನೋಡಿದೆ. ಅವರು ನನ್ನದನ್ನು ತೋರಿಸಿದರು. ಕಿರುಬೆರಳೂ ಉಂಗುರ ಬೆರಳೂ ವ್ಯಾಕ್ಸಿನಲ್ಲಿ ಮುಳುಗಿ ಹೊಳೆಯುತ್ತಿದ್ದವು. ನಲ್ಲಿಯ ಕೆಳಗೆ ಹಿಡಿದಾಗ ಚರ್ಮ ವ್ಯಾಕ್ಸಿನ ಜೊತೆಗೇ ಎದ್ದು ಬಂತು. ನೋವು ಮಾತ್ರ ಬರಲಿಲ್ಲ. ನೋವು ಬರಲಿ ಎಂದು ನಾನು ನಲ್ಲಿಯ ಮುಂದೆ ಕಾಯುತ್ತಾ ನಿಂತಿದ್ದು ಈಗಲೂ ನೆನಪಿದೆ.

ಅದಕ್ಕೂ ಮುಂಚೆ ಸೂಚನೆಗಳು ಇರಲಿಲ್ಲ ಅಂತಲ್ಲ. ಹುಬ್ಬು ತೆಗೆಯುವಾಗ ಎಡಗೈಯಿಂದ ದಾರ ಜಾರುತ್ತಿತ್ತು. ಮುಂಗೈ ಮೇಲೆ ಅಂಗೈಯಗಲದ ಒಂದು ಮಾಸಲು ಮಚ್ಚೆ ಎದ್ದು ಬಹಳ ದಿನವಾಗಿತ್ತು. ಊರ ಹೆಂಗಸರ ಮುಖದ ಕಲೆಗಳಿಗೆಲ್ಲ ಮದ್ದು ಹೇಳುವ ನಾನು ನನ್ನ ಮಚ್ಚೆಗೆ ಕ್ರೀಮು ಹಚ್ಚಿದೆ, ಹೋಗಲಿಲ್ಲ. ಮೇಲೆ ಫೌಂಡೇಶನ್ ಬಳಿದೆ. ಕಾಣಿಸಲಿಲ್ಲ, ಸರಿಹೋಯಿತು ಅಂದುಕೊಂಡೆ.

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಮ್ಮ ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ತೀನಿ. ಮುಟ್ಟಿದ ಕಡೆ ಈ ಬಲಗೈ ಬೆರಳಿಂದ ತೋರಿಸ್ಬೇಕು." ನಾನು ಕಣ್ಣು ಮುಚ್ಚಿದೆ. ಭುಜದ ಹತ್ತಿರ ಮುಟ್ಟಿದರು, ತೋರಿಸಿದೆ. ಮೊಣಕೈ ಮೇಲೆ ಮುಟ್ಟಿದರು, ತೋರಿಸಿದೆ. ಆಮೇಲೆ ಸುಮ್ಮನಾದರು. ಯಾರೋ ಒಳಗೆ ಬಂದಿರಬೇಕು, ಮಾತಾಡಿಸುತ್ತಿರಬೇಕು ಎಂದು ನಾನು ಕಾದೆ. ಕೊನೆಗೆ, "ಮತ್ತೆ ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ?" ಎಂದೆ.

"ಮುಗೀತಮ್ಮ, ಕಣ್ಣು ಬಿಡಿ" ಎಂದರು. ಮುಂಗೈಯ ಹೊರಬದಿಯಿಂದ ಕಿರುಬೆರಳಿನ ತುದಿಯವರೆಗೆ ಪೆನ್ನಿನ ನೀಲಿ ಚುಕ್ಕೆಗಳು ಸಾಲಾಗಿ ಬಿದ್ದಿದ್ದವು.

ಮೊಣಕೈಯ ಹಿಂದಿನ ನರವನ್ನು ಹಿಸುಕಿ ನೋಡಿದರು. ಅದು ಹಗ್ಗದ ಹಾಗೆ ದಪ್ಪಗಾಗಿತ್ತು. ಇನ್ನೊಂದೆರಡು ಪರೀಕ್ಷೆ ಮಾಡಿಸಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತು ಹೆಸರು ಹೇಳಿದರು. ಕುಷ್ಠ. ನಾನು ಆ ಪದವನ್ನು ಅಲ್ಲಿಯವರೆಗೆ ಬೈಗುಳದಲ್ಲಿ ಮಾತ್ರ ಕೇಳಿದ್ದೆ. ನಮ್ಮ ಕಡೆ ಹಿರಿಯರು ಅದರ ಹೆಸರನ್ನೂ ಎತ್ತುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ.

"ವಾಸಿಯಾಗೋ ಕಾಯಿಲೆ. ಒಂದು ವರ್ಷ ಮಾತ್ರೆ ತಗೋಬೇಕು, ಒಂದು ದಿನವೂ ತಪ್ಪಿಸಬಾರದು. ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ. ಮೈ ವಸಿ ಕಪ್ಪಾಗುತ್ತೆ, ನಿಧಾನಕ್ಕೆ ಹೋಗುತ್ತೆ. ಮನೆಯವರನ್ನೆಲ್ಲ ಒಂದ್ಸಲ ಕರ್ಕೊಂಡು ಬನ್ನಿ, ಅವರನ್ನೂ ನೋಡ್ಬೇಕು."

ಮೊದಲ ಮಾತ್ರೆಗಳನ್ನು ನರ್ಸ್ ಎದುರಿಗೇ ನುಂಗಿದೆ. ಅವರು ತಮ್ಮ ಬಾಟಲಿಯಿಂದಲೇ ನನಗೆ ನೀರು ಕೊಟ್ಟು, ಆಮೇಲೆ ಅದೇ ಬಾಟಲಿಯಿಂದ ತಾವೂ ಕುಡಿದರು. ಆಗ ಅದು ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋದ ಮೇಲೆ ಅದರ ಬೆಲೆ ತಿಳಿಯಿತು.

ನನ್ನ ಗಂಡ ನಾಗೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕೂಗಾಡುವ ಮನುಷ್ಯರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ ಮೊದಲ ಪ್ರಶ್ನೆ, "ಯಾರ್ಗಾರ ಹೇಳಿದ್ದೀಯಾ?"

"ಇಲ್ಲ."

"ಹೇಳ್ಬೇಡ. ಸೌಮ್ಯನ ಮದುವೆ ಮಾತು ನಡೀತಾ ಅದೆ."

ಸೌಮ್ಯ ನನ್ನ ನಾದಿನಿ. ನಾನು ಈ ಮನೆಗೆ ಬಂದಾಗ ಅವಳು ಪ್ರೈಮರಿ ಸ್ಕೂಲಿನಲ್ಲಿದ್ದಳು. ಅವಳ ಜಡೆ ಹೆಣೆದು ಸ್ಕೂಲಿಗೆ ಕಳಿಸಿದ್ದು ಇದೇ ಕೈ. ತನ್ನ ಅಮ್ಮನ ಜೊತೆ ತಪಾಸಣೆಗೆ ಬಂದ ದಿನ ಅವಳು ಆಸ್ಪತ್ರೆಯ ಬೆಂಚಿನಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು, ನನ್ನ ಕಡೆ ನೋಡದೆ ಮೊಬೈಲು ನೋಡುತ್ತಾ ಕುಳಿತಿದ್ದಳು. ಅವರ್ಯಾರಿಗೂ ಏನೂ ಇರಲಿಲ್ಲ. ಹರವೆಯ ದೊಡ್ಡ ಮನೆತನದಿಂದ ಬಂದ ನನ್ನ ಅತ್ತೆ ವಾಪಸು ಬರುವಾಗ ಆಟೋದಲ್ಲಿ ನನ್ನನ್ನು ಮುಂದೆ ಡ್ರೈವರ್ ಪಕ್ಕದಲ್ಲಿ ಕೂರಿಸಿದರು.

ಸಂಜೆಯ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಮೇಲೆ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಬಂದು ಕುಳಿತವು.

"ನಿನ್ನ ಒಳ್ಳೇದ್ಕೆ ಕಣವ್ವ. ನಮ್ ಎಂಜಲು ನಿಂಗ ತಾಕಬಾರ್ದು, ಮೊದ್ಲೇ ಮೈ ಸರಿ ಇಲ್ಲ ನಿಂದು" ಎಂದರು ಅತ್ತೆ. ತಪ್ಪನ್ನು ಇಷ್ಟು ನಯವಾಗಿ ತಿರುಗಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಆ ರಾತ್ರಿಯಿಂದ ನಾಗೇಂದ್ರ ನಡುಮನೆಯಲ್ಲಿ ಮಲಗಿದರು. ಬೆನ್ನು ನೋವು, ಗಟ್ಟಿ ನೆಲ ಬೇಕು ಅಂದರು.

ವಾರದೊಳಗೆ ಪಾರ್ಲರಿನ ಬೋರ್ಡು ಇಳಿಯಿತು. ನನ್ನನ್ನು ಗುಂಡ್ಲುಪೇಟೆಯಲ್ಲಿದ್ದ ನನ್ನ ಚಿಕ್ಕಮ್ಮನ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಮದುವೆ ಮುಗಿಯುವ ತನಕ, ಮಾತ್ರೆ ಮುಗಿಯುವ ತನಕ. ಬೀದಿಯವರಿಗೆ, ನೆಂಟರಿಗೆ, ನನ್ನ ಗಿರಾಕಿಗಳಿಗೆ ಹೇಳಿದ್ದು ಬೇರೆ. ಶೋಭಾ ಮೈಸೂರಿಗೆ ದೊಡ್ಡ ಬ್ಯೂಟಿಷಿಯನ್ ಕೋರ್ಸ್ ಮಾಡಲು ಹೋಗಿದ್ದಾಳೆ. ಎದುರುಮನೆ ಪಾರ್ವತಕ್ಕ ನನ್ನನ್ನು ಬೀಳ್ಕೊಡಲು ಬಂದು, "ಬಂದ್ಮೇಲೆ ನಂಗೇ ಮೊದ್ಲು ಫೇಶಿಯಲ್ ಮಾಡ್ಬೇಕು" ಎಂದು ನನ್ನ ಕೈ ಹಿಡಿದುಕೊಂಡರು. ಅತ್ತೆಯ ಕಣ್ಣು ಆ ಕೈಗಳ ಮೇಲೇ ಇತ್ತು.

ನನ್ನ ಚಿಕ್ಕಮ್ಮ ಪುಟ್ಟಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಒಳಗೆ ಬಂದ ಮೇಲೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ ಅನ್ನಿಸಿತ್ತು. ಅವಳು ಕೇಳಿಸಿಕೊಂಡು ನನ್ನ ಚೀಲ ಎತ್ತಿಕೊಂಡಳು.

"ನಂಗೇನು ಭಯ ಇಲ್ಲ ಕಣಮ್ಮಿ. ಬಾ, ಕೈಕಾಲು ತೊಳ್ಕೊ. ಆದ್ರ ಒಂದ್ಮಾತು. ಇಸ್ಕೂಲ್ನವ್ರ್ಗ ತಿಳುದ್ರ ನನ್ನ ನಾಳೀಕೆ ಆಚ್ಗ ಕಳ್ಸ್ಬುಡ್ತರ. ಅಡ್ಗ ಮಾಡೋ ಕೈ ನಂದು. ಅದ್ಕ ನೀನು ಬಾಯ್ ಬುಡಬ್ಯಾಡ."

ಹೀಗೆ ನನ್ನನ್ನು ಪ್ರೀತಿಸಿದವಳೂ ಬಚ್ಚಿಟ್ಟಳು. ಆದರೆ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದುಕೊಂಡು ತಿಂದಳು. ಅಷ್ಟು ಸಾಕಾಗಿತ್ತು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಮೇಡಂ ಇದ್ದರು. ಬೆರಳುಗಳು ಒಳಕ್ಕೆ ಬಾಗುತ್ತಿದ್ದವು, ಅವನ್ನು ದಿನವೂ ಬಿಡಿಸಿ ಮಡಚಬೇಕು. ಉಗುರು ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿಸುತ್ತಿದ್ದರು. ಬದುಕೆಲ್ಲ ಬೇರೆಯವರ ಕೈಗೆ ಮೇಣ ಹಚ್ಚಿದವಳು ನಾನು, ನನಗೆ ನಗು ಬಂತು. ಅವರಿಗೆ ಯಾಕೆಂದು ಹೇಳಲಿಲ್ಲ. "ಏನಾದರೂ ಮಾಡ್ತಾ ಇರಿ. ಸುಮ್ಮನೆ ಕೂತರೆ ಬೆರಳು ಹಾಗೇ ನಿಂತುಹೋಗುತ್ತೆ. ಆದರೆ ದಿನಾ ಸಂಜೆ ಗಾಯ ಆಗಿದೆಯಾ ಅಂತ ಕಣ್ಣಲ್ಲಿ ನೋಡ್ಕೋಬೇಕು. ನಿಮಗೆ ಗೊತ್ತಾಗಲ್ಲ" ಎಂದರು.

ಚಿಕ್ಕಮ್ಮನ ಮನೆಯ ಹಿಂಬದಿಗೆ ಅಂಟಿಕೊಂಡಂತೆ ಊಟಿ ರಸ್ತೆಗೆ ಮುಖಮಾಡಿದ ಒಂದು ಬೇಕರಿ ಇತ್ತು. ಅದರ ಯಜಮಾನ ವರ್ಗೀಸ್ ವಯನಾಡಿನ ಕಡೆಯವರು, ಅರವತ್ತು ದಾಟಿದವರು. ಮಧ್ಯಾಹ್ನ ಪ್ರವಾಸಿಗಳ ಕಾರುಗಳು ಕಡಿಮೆಯಾದ ಹೊತ್ತಿನಲ್ಲಿ ಹಿತ್ತಲ ಜಗುಲಿಯಲ್ಲಿ ಕುಳಿತು ಗಿಟಾರ್ ಬಾರಿಸುತ್ತಿದ್ದರು. ಪ್ರಾಯದಲ್ಲಿ ಊಟಿಯ ಹೋಟೆಲೊಂದರಲ್ಲಿ ಬಾರಿಸುತ್ತಿದ್ದರಂತೆ. ನಾನು ಬಟ್ಟೆ ಒಣಗಿಸುತ್ತಾ ಅದನ್ನು ಕೇಳುತ್ತಿದ್ದೆ. ಅವರ ಎಡಗೈ ಬೆರಳುಗಳು ಬಿಡಿಸಿಕೊಳ್ಳುವುದು, ಮಡಚಿಕೊಳ್ಳುವುದು ನೋಡುತ್ತಿದ್ದೆ. ಆಸ್ಪತ್ರೆಯ ಮೇಡಂ ಹೇಳಿಕೊಟ್ಟದ್ದೂ ಅದನ್ನೇ ಅಲ್ಲವೇ ಅನ್ನಿಸಿತು.

ಒಂದು ದಿನ ಬೇಲಿಯ ಹತ್ತಿರ ಹೋಗಿ, ಅವರ ಭಾಷೆಯಲ್ಲೇ ಅಣ್ಣಾ ಎಂದು ಕರೆದು, "ಚೇಟಾ, ನನ್ನ ಕೈಗೆ ನರದ ತೊಂದರೆ ಇದೆ. ಇದನ್ನ ಕಲಿತರೆ ಬೆರಳಿಗೆ ಒಳ್ಳೇದಾಗುತ್ತಾ?" ಎಂದೆ.

ಅವರು ನನ್ನ ಕೈ ನೋಡಿ, ಮಲಯಾಳದಲ್ಲಿ ಮಗಳೇ ಎಂದು ಕರೆದು ಹೇಳಿದರು. "ಒಳ್ಳೇದಾಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ ಮೋಳೇ. ಮೊದಲು ತುಂಬಾ ನೋವಾಗುತ್ತೆ."

"ಆಗಲಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಅವರು ಮೊದಲು ಹೇಳಿಕೊಟ್ಟದ್ದು ಇ ಸೆವೆನ್ ಅನ್ನುವ ಕಾರ್ಡ್. ಒಂದಕ್ಕಿಂತ ಹೆಚ್ಚು ಸ್ವರ ಒಟ್ಟಿಗೆ ನುಡಿಯುವ ಹಾಗೆ ಬೆರಳಿಡುವುದಕ್ಕೆ ಕಾರ್ಡ್ ಅನ್ನುತ್ತಾರೆ. ಇದಕ್ಕೆ ಎರಡೇ ಬೆರಳು ಸಾಕು. ಮೇಲಿನಿಂದ ಎರಡನೇ ತಂತಿಯ ಮೇಲೆ ನಡುಬೆರಳು, ನಾಲ್ಕನೆಯದರ ಮೇಲೆ ತೋರುಬೆರಳು. ಒತ್ತಿ ಬಾರಿಸಿದೆ. ತಗಡಿನ ಡಬ್ಬಿಯಲ್ಲಿ ನೊಣ ಸಿಕ್ಕಿಕೊಂಡ ಹಾಗೆ ಸದ್ದಾಯಿತು. ವರ್ಗೀಸ್ ಎದ್ದು ಬಂದು ನನ್ನ ಬೆರಳನ್ನು ತಮ್ಮ ಕೈಯಿಂದಲೇ ಸರಿಸಿ ನೆಟ್ಟಗೆ ನಿಲ್ಲಿಸಿದರು. "ಮಲಗಿಸಬೇಡ. ತುದಿಯಲ್ಲಿ ನಿಲ್ಲಿಸು. ಪಕ್ಕದ ತಂತಿಗೆ ತಾಗಬಾರದು."

ಅವತ್ತು ಸಂಜೆ ನನ್ನ ತೋರುಬೆರಳ ತುದಿ ಕೆಂಪಾಗಿ ಉರಿಯತೊಡಗಿತು. ಚಪಾತಿ ಹಿಟ್ಟು ಮುಟ್ಟಿದರೂ ಉರಿ. ಆ ಉರಿಯನ್ನು ಎಷ್ಟು ಸಲ ಮುಟ್ಟಿ ಮುಟ್ಟಿ ನೋಡಿಕೊಂಡೆನೋ. ನಡುಬೆರಳಿನಲ್ಲಿ ಅದರ ಅರ್ಧದಷ್ಟು ನೋವಿತ್ತು. ಉಂಗುರ ಬೆರಳಲ್ಲಿ, ಕಿರುಬೆರಳಲ್ಲಿ ಏನೂ ಇರಲಿಲ್ಲ. ನನ್ನ ಕೈಯಲ್ಲಿ ಯಾವುದು ಇನ್ನೂ ನನ್ನದು, ಯಾವುದು ಅಲ್ಲ ಎಂಬುದು ಡಾಕ್ಟರಮ್ಮನ ಪೆನ್ನಿಗಿಂತ ಚೆನ್ನಾಗಿ ಆ ತಂತಿಗಳಿಂದ ತಿಳಿಯಿತು.

ಎರಡನೆಯದು ಎ ಸೆವೆನ್. ಅದನ್ನೂ ಎರಡು ಬೆರಳಲ್ಲಿ ಹಿಡಿಯಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಕಷ್ಟ. ಬೆರಳು ಎತ್ತುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ವರ್ಗೀಸ್ ಕಾಲಿನಿಂದ ಜಗುಲಿ ಕುಟ್ಟುತ್ತಾ ಲೆಕ್ಕ ಹಾಕುತ್ತಿದ್ದರು, ತಪ್ಪಿದರೆ ಮಲಯಾಳದಲ್ಲಿ ಗೊಣಗುತ್ತಿದ್ದರು. ತಾಳ್ಮೆಯ ಮನುಷ್ಯರಲ್ಲ. ಬನ್ನು ಸೀದ ವಾಸನೆ ಬಂದರೆ ಪಾಠ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು.

"ಇದು ಯಾವ ಹಾಡು ಚೇಟಾ?" ಎಂದು ಒಮ್ಮೆ ಕೇಳಿದೆ.

"ಹಾಡಲ್ಲ, ಬ್ಲೂಸ್. ಇದೊಂದು ಸುತ್ತು. ನಾಲ್ಕು ಸಲ ಇ, ಎರಡು ಸಲ ಎ, ಮತ್ತೆ ಎರಡು ಇ. ಆಮೇಲೆ ಬಿ ಒಂದು, ಎ ಒಂದು, ಕೊನೆಗೆ ಎರಡು ಇ. ಅಷ್ಟೇ. ತಿರುಗಿ ಮೊದಲಿಂದ. ಅಮೇರಿಕಾದಲ್ಲಿ ಕರಿಯ ಜನ, ಹೊಲದಲ್ಲಿ ದುಡಿದು ದುಡಿದು ಸತ್ತವರು, ಅವರು ಮಾಡಿದ್ದು. ಮೊದಲನೇ ಸಾಲಲ್ಲಿ ನಿನ್ನ ಕಷ್ಟ ಹೇಳು. ಎರಡನೇ ಸಾಲಲ್ಲಿ ಅದನ್ನೇ ಇನ್ನೊಂದ್ಸಲ ಹೇಳು. ಮೂರನೇದರಲ್ಲಿ ಅದಕ್ಕೆ ನೀನೇ ಏನಾದರೂ ಉತ್ತರ ಕೊಡು."

"ಕಷ್ಟ ಹೋಗುತ್ತಾ?"

"ಹೋಗಲ್ಲ ಮೋಳೇ. ತಾಳಕ್ಕೆ ಬರುತ್ತೆ, ಅಷ್ಟೇ."

ಬಿ ಸೆವೆನ್ ಹತ್ತಿರ ನಾನು ನಿಂತುಹೋದೆ. ಅದಕ್ಕೆ ನಾಲ್ಕು ಬೆರಳೂ ಬೇಕು. ಕಿರುಬೆರಳು ಎಲ್ಲಕ್ಕಿಂತ ಕೆಳಗಿನ ತಂತಿಯ ಮೇಲೆ ಚಾಚಿಕೊಂಡು ನಿಲ್ಲಬೇಕು. ನಾನು ಬಲಗೈಯಿಂದ ಆ ಬೆರಳನ್ನು ಎತ್ತಿ ಜಾಗದಲ್ಲಿ ಇಡುತ್ತಿದ್ದೆ. ಕೈ ತೆಗೆದ ಕೂಡಲೇ ಅದು ಮುದುಡಿಕೊಳ್ಳುತ್ತಿತ್ತು. ದಿನಗಟ್ಟಲೆ ಹಾಗೇ ಇಟ್ಟೆ, ಒತ್ತಿದೆ. ಎಲ್ಲಿಯವರೆಗೆ ಒತ್ತಬೇಕೆಂದು ತಿಳಿಯುತ್ತಿರಲಿಲ್ಲ, ಅದಕ್ಕೇ ಬಲವಾಗಿ ಒತ್ತಿದೆ.

ಒಂದು ಮಧ್ಯಾಹ್ನ ವರ್ಗೀಸ್ ತಾಳ ಕುಟ್ಟುವುದನ್ನು ನಿಲ್ಲಿಸಿದರು. "ಮೋಳೇ, ನಿಲ್ಲಿಸು. ರಕ್ತ."

ಉಂಗುರ ಬೆರಳು ಸೀಳಿತ್ತು. ಗಿಟಾರಿನ ಕತ್ತಿನ ಮೇಲೆ ರಕ್ತ ಇಳಿದು ನನ್ನ ಸೀರೆಗೆ ತೊಟ್ಟಿಕ್ಕಿತ್ತು. ನಾನು ಬಾರಿಸುತ್ತಲೇ ಇದ್ದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಬೆರಳಿಗೆ ಸುತ್ತಿದರು. ಸುತ್ತುತ್ತಾ ನನ್ನ ಮುಖ ನೋಡಿದರು.

"ನೋವಾಗ್ತಿಲ್ವಾ?"

"ಇಲ್ಲ."

"ಸ್ವಲ್ಪವೂ?"

ನಾನು ಸುಳ್ಳು ಹೇಳಬಹುದಿತ್ತು. ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೆ. ಆದರೆ ನನ್ನ ರಕ್ತ ಒರೆಸುತ್ತಿರುವ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿಬಿಟ್ಟೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಯಾರಿಗೂ ಹರಡುವುದಿಲ್ಲ ಎಂದೂ ಹೇಳಿದೆ. ಅವರು ಟವೆಲ್ಲಿನ ಗಂಟು ಕಟ್ಟಿ ಮುಗಿಸಿದರು, ಅರ್ಧಕ್ಕೆ ಬಿಡಲಿಲ್ಲ. ಅದನ್ನು ನಾನು ಅವರ ಒಳ್ಳೆಯತನದ ಲೆಕ್ಕಕ್ಕೆ ಬರೆಯುತ್ತೇನೆ. "ಗಾಯ ಒಣಗಿದ ಮೇಲೆ ಬಾ" ಎಂದರು.

ಗಾಯ ಒಣಗಿದ ಮೇಲೆ ಹೋದೆ. ಗಿಟಾರಿಗೆ ಹೊಸ ತಂತಿ ಹಾಕಿದ್ದರು. ಮರದಿಂದ ಡೆಟಾಲ್ ವಾಸನೆ ಬರುತ್ತಿತ್ತು. ಪಾಠ ಎಂದಿನಂತೆ ನಡೆಯಿತು, ಆದರೆ ಮೊದಲು ಕೈಯಿಂದ ನನ್ನ ಬೆರಳು ಸರಿಸುತ್ತಿದ್ದವರು ಈಗ ದೂರದ ಸ್ಟೂಲಿನಲ್ಲಿ ಕುಳಿತು ಪೆನ್ಸಿಲಿನಿಂದ ತೋರಿಸಿದರು. "ಅಲ್ಲಿ. ಅದಲ್ಲ, ಅದರ ಪಕ್ಕದ್ದು."

ಕಲಿಸುವುದನ್ನು ಮಾತ್ರ ಬಿಡಲಿಲ್ಲ. ಬಿ ಸೆವೆನಿಗೆ ದಾರಿ ಹುಡುಕಿಕೊಟ್ಟರು. "ನಾಲ್ಕು ಬೆರಳು ಬೇಡ. ನಡುಬೆರಳು, ತೋರುಬೆರಳು, ಆ ಎರಡು ತಂತಿ ಮಾತ್ರ ಬಾರಿಸು. ಉಳಿದದ್ದು ಮುಟ್ಟಬೇಡ. ಇದರಲ್ಲಿ ಕಡಿಮೆ ಬಾರಿಸಿದರೆ ತಪ್ಪಲ್ಲ, ನಿಂತರೆ ತಪ್ಪು." ಅವತ್ತು ಮೊದಲ ಬಾರಿಗೆ ನಾನು ಇಡೀ ಸುತ್ತನ್ನು ನಿಲ್ಲದೆ ಮುಗಿಸಿದೆ. ಬಿ ಬಂದ ಕಡೆ ಸದ್ದು ಬಡಕಲಾಗಿತ್ತು, ಎರಡೇ ತಂತಿ. ಆದರೆ ಮುರಿಯಲಿಲ್ಲ, ಮುಂದಕ್ಕೆ ದಾಟಿತು. ನಾನು ತಲೆ ಎತ್ತಿ ನೋಡಿದೆ. ವರ್ಗೀಸ್ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಗುತ್ತಿದ್ದರು.

ಮುಂದಿನ ಸಲ ಹೋದಾಗ ಗಿಟಾರನ್ನು ಅದರ ಚೀಲದಲ್ಲಿ ಹಾಕಿ ಬೇಲಿಯ ಹತ್ತಿರವೇ ಇಟ್ಟಿದ್ದರು. "ತಗೊಂಡು ಹೋಗು ಮೋಳೇ. ನಿಂಗೇ ಇರಲಿ. ಮನೇಲೇ ಬಾರಿಸು."

"ಮತ್ತೆ ನೀವು?"

"ನಂಗೆ ವಯಸ್ಸಾಯ್ತು." ನೆಲ ನೋಡುತ್ತಾ ಹೇಳಿದರು, "ಬೇಕರಿ ಅಲ್ವಾ ಮೋಳೇ. ತಿನ್ನೋ ಸಾಮಾನು. ಜನ ನೋಡ್ತಾರೆ."

ಆ ಗಿಟಾರ್ ಉಡುಗೊರೆಯೋ, ನನ್ನಿಂದ ಕೈ ತೊಳೆದುಕೊಂಡದ್ದೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಎರಡೂ ಇರಬಹುದು. ಸಿಟ್ಟು ಬಂತು. ಆದರೆ ಪಾರ್ಲರ್ ನಡೆಸಿದವಳು ನಾನು. ಜನ ನೋಡ್ತಾರೆ ಅನ್ನುವ ಮಾತಿನ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಿಕ್ಕಮ್ಮ ಸ್ಕೂಲಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಬಾರಿಸಲು ಶುರು ಮಾಡಿದೆ. ಅಷ್ಟರಲ್ಲಿ ಮಾತ್ರೆಯಿಂದ ಮೈ ಬಣ್ಣ ತಿರುಗಿತ್ತು. ಒಂದು ಥರ ಕಂದು, ಬೇಯಿಸಿದ ಹುಣಸೆಯ ಬಣ್ಣ. ಬಿಸಿಲಿಗೆ ಕಪ್ಪಾದ ಮುಖವನ್ನು ಬೆಳ್ಳಗೆ ಮಾಡುತ್ತೇನೆಂದು ಬೋರ್ಡು ಹಾಕಿಕೊಂಡಿದ್ದವಳ ಮುಖ! ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಕನ್ನಡಿ ನೋಡದಿದ್ದರೂ ಬೆರಳನ್ನು ನೋಡಲೇಬೇಕಿತ್ತು. ಬೇರೆಯವರು ಕಣ್ಣು ಮುಚ್ಚಿ ಬಾರಿಸುತ್ತಾರೆ, ನನಗೆ ಕಣ್ಣು ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಬೆರಳು ತಂತಿಯ ಮೇಲಿದೆಯೋ ಗಾಳಿಯಲ್ಲಿದೆಯೋ ತಿಳಿಯುವುದಿಲ್ಲ.

ಸಾಲುಗಳು ತಾವಾಗಿಯೇ ಬಂದವು. ನನಗೆ ಇಂಗ್ಲಿಷ್ ಹಾಡು ಗೊತ್ತಿರಲಿಲ್ಲ, ನನ್ನ ಮಾತಿನಲ್ಲೇ ಬಂದವು.

ತಟ್ಟೆ ಬ್ಯಾರೆ ಮಾಡುದ್ರು, ಲೋಟ ಬ್ಯಾರೆ ಮಾಡುದ್ರು,
ಊಂ ಕಣಕ್ಕ, ತಟ್ಟೆ ಬ್ಯಾರೆ ಮಾಡುದ್ರು, ಲೋಟ ಬ್ಯಾರೆ ಮಾಡುದ್ರು,
ಹಸಿವ ಬ್ಯಾರೆ ಮಾಡಕ್ಕಾಗ್ದೆ ಬಾಗ್ಲು ತೋರುಸ್ಬುಟ್ರು.

ಒಂದು ದಿನ ಚಿಕ್ಕಮ್ಮ ಬೇಗ ಬಂದವಳು ಬಾಗಿಲು ಬಡಿದಳು. "ಅಳ್ತಿದ್ದಯೇನಮ್ಮಿ?"

"ಇಲ್ಲ ಚಿಕ್ಕಮ್ಮ, ಹಾಡ್ತಿದ್ದೆ."

"ಒಂದೇ ಮಾತ್ನ ಎರಡೆರಡು ಸಲ ಯಾಕ ಯೋಳ್ತಿದ್ದಯ?"

"ಒಂದ್ಸಲ ಹೇಳುದ್ರ ಯಾರು ಕೇಳುಸ್ಕತ್ತರ, ಹೇಳು?"

ಅವಳು ಚೀಲ ಕೆಳಗಿಟ್ಟು, ಗೋಡೆಗೊರಗಿ ಕುಳಿತು, "ಇನ್ನೊಂದ್ಸಲ ಯೋಳು" ಎಂದಳು. ಹೇಳಿದೆ. ಮೂರನೆಯ ಸಾಲಿಗೆ ಅವಳು ಬಿದ್ದು ಬಿದ್ದು ನಕ್ಕಳು. ಆ ವರ್ಷದಲ್ಲಿ ನನ್ನ ಕಾಯಿಲೆಯ ವಿಷಯಕ್ಕೆ ಯಾರಾದರೂ ನಕ್ಕಿದ್ದರೆ ಅದು ಆಗ ಮಾತ್ರ. ನಾನೂ ನಕ್ಕೆ. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಧಾನಕ್ಕ ಹಾಡು, ಆಚ್ಗ ಕೇಳಿಸ್ತದ" ಎಂದು ಒಲೆಯ ಕಡೆ ಹೋದಳು.

ಸೌಮ್ಯನ ಮದುವೆ ಆಯಿತು. ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದೆ. ಅವಳಿಗೆ ಯಾರೋ ತೀರಾ ಬಿಳಿ ಪೌಡರ್ ಬಳಿದಿದ್ದರು, ಕತ್ತು ಬೇರೆ ಬಣ್ಣ, ಮುಖ ಬೇರೆ ಬಣ್ಣ. ಎಷ್ಟೋ ಮದುವೆ ಹೆಣ್ಣುಗಳನ್ನು ಸಿಂಗರಿಸಿದ ನಾನು ಆ ಕತ್ತನ್ನೇ ದೊಡ್ಡದು ಮಾಡಿ ಮಾಡಿ ನೋಡಿದೆ. ಸಂತೋಷ ಪಟ್ಟೆನೆಂದು ಬರೆಯಲು ನಾಚಿಕೆಯಾಗಬೇಕು. ಆಗುತ್ತಿಲ್ಲ.

ಮಾತ್ರೆಯ ಕೊನೆಯ ಪಟ್ಟಿ ಮುಗಿದ ಮೇಲೆ ನಾಗೇಂದ್ರ ಬಂದರು. ಡಾಕ್ಟರು ಅವರ ಎದುರಿಗೇ, "ವಾಸಿಯಾಗಿದೆ. ಈ ಎರಡು ಬೆರಳಿನ ಸ್ಪರ್ಶ ವಾಪಸು ಬರೋದು ಕಷ್ಟ, ಉಳಿದ ಕೈ ಉಳ್ಕೊಂಡಿದೆ" ಎಂದರು. ನಾಗೇಂದ್ರ ತಲೆಯಾಡಿಸಿದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತರು, ಗಿಟಾರನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡರು.

ಮನೆಯಲ್ಲಿ ಅತ್ತೆ ಆರತಿ ಎತ್ತಿದರು, ಪಾಯಸ ಮಾಡಿದ್ದರು. ಬಡಿಸುವಾಗ ಅವರ ಕೈ ತಾನಾಗಿಯೇ ಕಿಟಕಿಯ ಮೇಲಿನ ತಟ್ಟೆಗೆ ಹೋಯಿತು. ಅದು ಒಂದು ವರ್ಷ ಅಲ್ಲೇ ಕಾದಿತ್ತು. ಧೂಳು ಹಿಡಿಯದ ಹಾಗೆ ಅದರ ಮೇಲೆ ಬಟ್ಟೆ ಮುಚ್ಚಿದ್ದರು.

"ರೀ, ವಾಸಿಯಾಗಿದೆ ಅಂತ ಡಾಕ್ಟರು ಹೇಳಿದ್ದನ್ನ ನೀವೇ ಕೇಳಿದ್ರಿ" ಎಂದೆ.

"ನಂಗ ಗೊತ್ತು ಶೋಭಾ. ಆದ್ರ ಅಮ್ಮಂಗ ಗೊತ್ತಾಗ್ಬೇಕಲ್ಲ. ವಸಿ ದಿನ ಹೋಗ್ಲಿ ಬುಡು."

"ಪಾರ್ಲರು?"

"ಅದ್ಯಾಕೀಗ? ಮನೇಲಿರು ಸಾಕು. ಯಾರಾರ ಕೈ ನೋಡಿ ಕೇಳುದ್ರ ಏನ್ ಹೇಳನ?"

ಅವರು ಮತ್ತೆ ನಡುಮನೆಯಲ್ಲೇ ಮಲಗಿದರು. ಈ ಸಲ ಬೆನ್ನು ನೋವು ಎಂದೂ ಹೇಳಲಿಲ್ಲ. ಇದ್ದೇನೆ, ನೋಡುತ್ತೇನೆ, ಬದಲಾಗಬಹುದು ಎಂದು ಒಂದಷ್ಟು ದಿನ ಕಾದೆ. ಕಿಟಕಿಯ ಮೇಲಿನ ತಟ್ಟೆ ಕೆಳಗಿಳಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪಾರ್ವತಕ್ಕ ಬಂದರು. ಇನ್ನಿಬ್ಬರು ಹೆಂಗಸರನ್ನೂ ಕರೆದುಕೊಂಡು ಬಂದಿದ್ದರು. "ಏನ್ ಶೋಭಾ, ಮೈಸೂರ್ನೀರು ಹಿಡೀಲಿಲ್ವಾ? ಇಷ್ಟು ಕಪ್ಪಾಗ್ಬುಟ್ಟಿದ್ದೀಯಾ!" ಎಂದು ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಕೋರ್ಸ್ ಮುಗೀತಾ? ಯಾವಾಗ ತೆಗೀತೀಯಾ ಅಂಗಡಿಯ?"

ಅತ್ತೆ ಕಾಫಿ ತರುತ್ತಾ ಒಳಗಿನಿಂದಲೇ, "ಏನೇನೋ ಹೊಸ ಹೊಸ ಫೇಶಿಯಲ್ ಕಲ್ತವ್ಳೆ" ಎಂದರು.

ಅತ್ತೆ ಎಲ್ಲರಿಗೂ ಲೋಟ ಕೊಟ್ಟು, ನನಗೆ ನನ್ನದನ್ನು ಕೊಟ್ಟರು. ಆ ಲೋಟ ನೋಡುತ್ತಿದ್ದ ಹಾಗೆ ನನಗೆ ಇನ್ನು ಸಾಕು ಅನ್ನಿಸಿತು.

"ಮುಗೀತು ಕಣಕ್ಕ. ಮಾತ್ರೆ ಕೋರ್ಸು. ನಂಗ ಕುಷ್ಠ ಆಗಿತ್ತು. ಗುಂಡ್ಲುಪ್ಯಾಟೇಲಿದ್ದೆ. ಈಗ ಪೂರ್ತಿ ವಾಸಿಯಾಗದೆ."

ಪಾರ್ವತಕ್ಕ ನನ್ನ ಮಣಿಕಟ್ಟನ್ನು ಕೊಡವಲಿಲ್ಲ. ಅವರ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬಲ ಹೋದ ಬೆರಳು ಹೇಗೆ ಬಿಡುತ್ತದೆಂದು ನನಗೆ ಗೊತ್ತಿತ್ತು, ಇವು ಬಲವಿದ್ದೇ ಬಿಟ್ಟ ಬೆರಳುಗಳು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ" ಎಂದು ಅವರು ಎದ್ದರು. ಉಳಿದಿಬ್ಬರೂ ಎದ್ದರು. ಕಾಫಿ ಲೋಟಗಳು ತುಂಬಿದ ಹಾಗೇ ಉಳಿದವು.

ಅತ್ತೆ ಅಲ್ಲೇ ಕುಸಿದು ಕುಳಿತು ಅತ್ತರು. ಅವರ ಅಳು ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸದಾಗಿ ಮದುವೆಯಾದ ಮಗಳ ಗತಿಯೇನು ಎಂಬ ಅಳು ಅದು. ಸಂಜೆ ನಾಗೇಂದ್ರ ಬಂದರು. ಬೀದಿಯಲ್ಲೇ ಯಾರೋ ಹೇಳಿದ್ದರು.

"ಈಗ ಸಮಾಧಾನ ಆಯ್ತಾ ನಿಂಗ?"

"ಇಲ್ಲ" ಎಂದೆ. ನಿಜಕ್ಕೂ ಆಗಿರಲಿಲ್ಲ.

ಮಾರನೆಯ ದಿನ ಗುಂಡ್ಲುಪೇಟೆ ಬಸ್ಸು ಹತ್ತಿದೆ. ನಾಗೇಂದ್ರ ಬಸ್ ಸ್ಟ್ಯಾಂಡಿನವರೆಗೆ ಬಂದು ಗಿಟಾರನ್ನು ಒಳಗೆ ಎತ್ತಿಕೊಟ್ಟರು. ಹೋಗಬೇಡ ಎನ್ನಲಿಲ್ಲ.

ಇದಾಗಿ ಎರಡು ಮಳೆಗಾಲ ಕಳೆದಿವೆ. ಮೈಬಣ್ಣ ಮರಳಿದೆ. ಉಂಗುರ ಬೆರಳು, ಕಿರುಬೆರಳು ಮರಳಲಿಲ್ಲ. ಹುಬ್ಬು ತೆಗೆಯಲು ಆಗುವುದಿಲ್ಲ. ಮದುವೆ ಹೆಣ್ಣುಗಳ ಕೈಗೆ ಮೆಹಂದಿ ಹಾಕುತ್ತೇನೆ, ಅದಕ್ಕೆ ಬಲಗೈ ಸಾಕು. ಎಡಗೈಗೆ ಏನಾಯಿತು ಎಂದು ಕೇಳಿದವರಿಗೆ ಹೇಳುತ್ತೇನೆ. ಕೆಲವರು ಹಾಕಿಸಿಕೊಳ್ಳುತ್ತಾರೆ, ಕೆಲವರಿಗೆ ಇದ್ದಕ್ಕಿದ್ದ ಹಾಗೆ ಬೇರೆ ಕೆಲಸ ನೆನಪಾಗುತ್ತದೆ. ಚಿಕ್ಕಮ್ಮನ ಕೆಲಸ ಹೋಗಲಿಲ್ಲ. ಸ್ಕೂಲಿನವರಿಗೆ ತಿಳಿದಿದೆಯೋ, ತಿಳಿದೂ ಸುಮ್ಮನಿದ್ದಾರೋ ಗೊತ್ತಿಲ್ಲ.

ಕಾಲ ಕಾಲಕ್ಕೆ ಕೈ ತೋರಿಸಲು ಆಸ್ಪತ್ರೆಗೆ ಹೋಗಬೇಕು. ಮೊನ್ನೆ ಹೋದಾಗ ಬೆಂಚಿನಲ್ಲಿ ಒಬ್ಬಳು ಹೆಂಗಸು ಕುಳಿತಿದ್ದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಭೀಮನಬೀಡಿನ ಕಡೆಯವಳಂತೆ. ಮಾತ್ರೆಯ ಪಟ್ಟಿಯನ್ನು ಸೆರಗಿನೊಳಗೆ ಒತ್ತಿ ಹಿಡಿದಿದ್ದಳು, ಆದರೂ ಅದರ ಅಂಚು ಕಾಣುತ್ತಿತ್ತು. ನಾನು ಆ ಪಟ್ಟಿಯನ್ನು ಎಲ್ಲಿದ್ದರೂ ಗುರುತಿಸುತ್ತೇನೆ. ಅವಳ ಪಕ್ಕದಲ್ಲಿ ಕುಳಿತು, ಮೆಲ್ಲಗೆ, "ನಂಗೂ ಇದೇ ಆಗಿತ್ತು ಕಣಮ್ಮಿ. ವಾಸಿಯಾಯ್ತು" ಎಂದೆ.

ಅವಳು ನನ್ನ ಕೈ ನೋಡಿದಳು. ನೋಡಿ, ಸರಿದು ಬೆಂಚಿನ ಆ ತುದಿಗೆ ಹೋಗಿ ಕುಳಿತಳು.

ಅತ್ತೆಯ ತಟ್ಟೆಗಿಂತ, ವರ್ಗೀಸರ ಪೆನ್ಸಿಲಿಗಿಂತ ಅದು ಹೆಚ್ಚು ಚುಚ್ಚಿತು. ನಾನು ಏಳಲಿಲ್ಲ. ಏಳಬಾರದು ಎಂದು ಹಟ ಹಿಡಿದು ಕುಳಿತೆ. ನರ್ಸ್ ಕರೆದಾಗ ಅವಳು ಒಳಗೆ ಹೋದಳು. ಹೊರಗೆ ಬಂದವಳು ಬಾಗಿಲ ಹತ್ತಿರವೇ ನಿಂತು, ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದಳು.

"ಗಂಡ ಬುಟ್ಬುಟ್ನಾ ಅಕ್ಕಾ ನಿನ್ನ?"

"ಇಲ್ಲ ಕಣಮ್ಮಿ" ಎಂದೆ. "ನಾನೇ ಬುಟ್ಟು ಬಂದೆ."

ಅವಳ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಂದು ಬೆಂಚಿನ ನಡುವಿನಲ್ಲಿ ಕುಳಿತಳು.